ಕಣ್ಣಿಂದ ಕಣ್ಣಿಗೆ

ಗ್ಯಾರೇಜಿನ ನೆಲದ ಮೇಲೆ ಎರಡು ಎಣ್ಣೆಯ ಬೊಟ್ಟು,
ಎಡಗಡೆಯದು ದೊಡ್ಡದು.
ಮೂರು ವರ್ಷದಿಂದ ಅಪ್ಪ ಅದನ್ನು
'ಬೆವರು' ಅನ್ನುತ್ತಲೇ ಬಂದಿದ್ದ.
ಕೊನೆಗೆ ಒಪ್ಪಿದ್ದು ಟೆಲ್ಚ್ ಚೌಕದ ಕಲ್ಲುಹಾಸಿನಲ್ಲಿ:
ಜಾವಾ ಒಂದು ಕುಳಿಗಿಳಿದು, ಒಂದು ಸಲ ಅಲ್ಲ,
ನಾಲ್ಕು ಸಲ ಎದ್ದು ಬಾಗಿ
ಚರ್ಚಿನ ಮೆಟ್ಟಿಲಲ್ಲಿದ್ದ ಮದುವೆ ದಿಬ್ಬಣಕ್ಕೆಲ್ಲ
ನಮಸ್ಕಾರ ಮಾಡಿದಾಗ.

"ಸ್ಪ್ರಿಂಗಿನದೇನೂ ತಪ್ಪಿಲ್ಲ," ಎಂದು
ಒಟಕಾರ್ ಮಹಾಶಯರ ತೀರ್ಪು.
"ಕುಗ್ಗಿದ್ದನ್ನು ಎಬ್ಬಿಸುವುದು ಸ್ಪ್ರಿಂಗಿನ ಕೆಲಸ.
ಹಿಗ್ಗಿದ್ದು ಕುಣಿಯದ ಹಾಗೆ ಹಿಡಿಯುವುದು ಎಣ್ಣೆಯ ಕೆಲಸ.
ಎಣ್ಣೆ ಹೋಗಿದೆ. ಅಷ್ಟೆ."
ಎಪ್ಪತ್ತೊಂಬತ್ತರ ಅಪ್ಪ, ಎಪ್ಪತ್ತೊಂದನೇ ಇಸವಿಯ ಗಾಡಿ.
ಅಷ್ಟೆ ಅಂದಮೇಲೆ ಅಷ್ಟೆ.

ಭಾನುವಾರ ಬೆಳಗಿನ ಐದಕ್ಕೆ ಗುಜರಿ ಸಂತೆ.
ಇಬ್ಬನಿಯ ಹುಲ್ಲಿನ ಮೇಲೆ ಕಂಬಳಿಗಳು, ಹಣೆಗೆ ಕಟ್ಟಿದ ಟಾರ್ಚುಗಳು,
ಕ್ವಿದೋನ ಪೆಟ್ಟಿಗೆಯಲ್ಲಿ ಕ್ರೋಮಿನ ಟೊಪ್ಪಿಗೆ ಹೊತ್ತ ಹಳೆಯ ಜೋಡಿ.
"ಅಸಲಿ. ಕಾರ್ಖಾನೆಯದು. ಒತ್ತಿ ನೋಡಿ."
ಅಪ್ಪ ಒತ್ತಿದ. ಒಂದು ಇಳಿದದ್ದು ಏಳಲಿಲ್ಲ,
ಇನ್ನೊಂದು ಇಳಿಯಲೇ ಇಲ್ಲ.
"ಗಂಡ ಹೆಂಡತಿ," ಅಂದ ಕ್ವಿದೋ, ನಗದೆ.

ಪಕ್ಕದ ಮೇಜಿನಲ್ಲಿ ಹೊಸವು, ಅಗ್ಗದವು, ಕೆಂಪು ಸ್ಪ್ರಿಂಗಿನವು.
ಇಪ್ಪತ್ತು ಮಿಲಿಮೀಟರ್ ಉದ್ದ ಜಾಸ್ತಿ.
"ಇಪ್ಪತ್ತು ತಾನೆ?" ಅಂದೆ.
ಅಪ್ಪ ನನ್ನನ್ನು ನೋಡಿದ ರೀತಿಗೆ
ಐವತ್ತೆರಡರ ನಾನು ಮತ್ತೆ ಆರನೇ ಕ್ಲಾಸಿಗೆ ಹೋದೆ.
"ಹಿಂದೆ ಎತ್ತಿದರೆ ಮುಂದೆ ಮೂತಿ ಬಗ್ಗುತ್ತೆ.
ಸ್ಟ್ಯಾಂಡು ಹಾಕಿದರೂ ಚಕ್ರ ನೆಲ ಬಿಡಲ್ಲ.
ಅಳತೆ ಅಂದರೆ ಕಣ್ಣಿಂದ ಕಣ್ಣಿಗೆ,
ಮೇಲಿನ ಬೋಲ್ಟಿನ ಕಣ್ಣಿಂದ ಕೆಳಗಿನ ಬೋಲ್ಟಿನ ಕಣ್ಣಿಗೆ."
ಮನೆಗೆ ಬಂದು ಅಮ್ಮನ ಹೊಲಿಗೆ ಟೇಪಿನ ಒಂದು ತುದಿ ನನಗೆ ಕೊಟ್ಟ.
ಮುನ್ನೂರ ಇಪ್ಪತ್ತು. ಮುನ್ನೂರ ಇಪ್ಪತ್ತು. ಮುನ್ನೂರ ಹದಿನೇಳು.
"ನಿನ್ನ ಕೈ ನಡುಗಿತು," ಅಂದ.
ನನ್ನ ಕೈಯಲ್ಲ.

ಓಲೊಮೌತ್ಸಿನಲ್ಲೊಬ್ಬಳು ಕೈಯಾರೆ ಕಟ್ಟಿಕೊಡುತ್ತಾಳಂತೆ,
ಬಿಚ್ಚಬಹುದಾದದ್ದು, ಎಣ್ಣೆ ಬದಲಿಸಬಹುದಾದದ್ದು.
ಹನ್ನೆರಡು ಸಾವಿರ ಕೊರೂನಾ. ಆರು ತಿಂಗಳ ಸೌದೆಯ ದುಡ್ಡು.
ಫೋನಿನಲ್ಲಿ ಅವಳ ಮೊದಲ ಪ್ರಶ್ನೆ: "ಸವಾರರ ತೂಕ?"
"ತೊಂಬತ್ತೆರಡು," ಅಪ್ಪ, ಸೈನ್ಯದ ಹಾಜರಿಯ ದನಿಯಲ್ಲಿ.

ಬಚ್ಚಲಿನ ತಕ್ಕಡಿ ಅರವತ್ತಾರು ಅಂದಿತು.
"ಬೂಟು ಹಾಕಿಲ್ಲ."
ಬೂಟು ಹಾಕಿಸಿದೆ. ಚರ್ಮದ ಜಾಕೀಟು, ಹೆಲ್ಮೆಟ್ಟು, ಕೈಗವಸು.
ಟವೆಲು, ಸೋಪು, ಅಮ್ಮನ ಚಪ್ಪಲಿಗಳ ನಡುವೆ
ಯುದ್ಧಕ್ಕೆ ಹೊರಟವನಂತೆ ನಿಂತು ಕೆಳಗೆ ನೋಡಿದ:
ಎಪ್ಪತ್ತೊಂದು.
ಉಳಿದದ್ದು ಎಲ್ಲಿ ಸೋರಿತು ಅಂತ
ಇಬ್ಬರೂ ಕೇಳಲಿಲ್ಲ.

"ಹಲೋ? ಹಿಂದೆ ಕೂರುವವರು?"
ಫ್ರಿಜ್ಜಿನ ಬಾಗಿಲ ಮೇಲೆ ಆಯಸ್ಕಾಂತದ ಅಡಿ ವೈದ್ಯರ ಪತ್ರ,
ಫೆಬ್ರವರಿಯಿಂದಲೂ ಅಲ್ಲೇ ಇದೆ.
ಅಪ್ಪ ಗಂಟಲು ಸರಿ ಮಾಡಿಕೊಂಡ.
"ಬರೆದುಕೊಳ್ಳಮ್ಮ. ಮುಂದೆ ಎಪ್ಪತ್ತೆಂಟು.
ಹಿಂದೆ ಎಪ್ಪತ್ತೊಂದು, ಬೂಟು ಸೇರಿ."
"ನಂದು ಎಪ್ಪತ್ತೆಂಟು ಅಂತ ಯಾರು ಹೇಳಿದ್ದು?"
"ನೀನು ಕೂತಾಗ ಸೀಟು ಹೇಳುತ್ತೆ."

ಮೂರು ವಾರಕ್ಕೆ ಬಂದವು, ಕಪ್ಪಗೆ, ಮಿಂಚಿಲ್ಲದೆ.
ಅಪ್ಪನಿಗೆ ಕ್ರೋಮಿಲ್ಲದ್ದು ಬೇಜಾರು; ಹಳೆಯ ಟೊಪ್ಪಿಗೆಗಳನ್ನು
ಉಜ್ಜಿ ಉಜ್ಜಿ ಕಿಟಕಿಯಲ್ಲಿಟ್ಟಿದ್ದಾನೆ, ಏತಕ್ಕೋ.
ಪ್ಲಮ್ ಮರಗಳ ರಸ್ತೆ, ಆಮೇಲೆ ರೈಲು ಹಳಿ, ಆಮೇಲೆ ಅದೇ ಚೌಕ, ಅದೇ ಕುಳಿ.
ಇಳಿದೆವು. ಒಂದೇ ಸಲ ಎದ್ದೆವು.
ನನ್ನ ಸೊಂಟ ಹಿಡಿಯದೆ ಸೀಟಿನ ಪಟ್ಟಿ ಹಿಡಿದಿದ್ದವನು
ಏನೂ ಅನ್ನಲಿಲ್ಲ.

ಗೇಟಿನಲ್ಲಿ ಇಳಿದವನೇ ಹೆಲ್ಮೆಟ್ಟು ತೆಗೆದು ಬೈದ:
"ಹಿಂದೆ ಕೂತರೆ ರಸ್ತೆಯೇ ಕಾಣಲ್ಲ! ಬರೀ ಬೆನ್ನು!
ಐವತ್ತು ವರ್ಷ ಕೂತಿದ್ದೀಯ, ಒಂದು ಮಾತು ಹೇಳಬಾರದಾ, ದ್ರಾಹೊಮೀರ?"

ಅಮ್ಮ ಕೈಯ ಹಿಟ್ಟು ಒರೆಸಿಕೊಂಡಳು.
"ಹೇಳಿದ್ದೆ," ಅಂದಳು. "ಕಿವಿಯಲ್ಲೇ ಹೇಳಿದ್ದೆ.
ಎಂಜಿನ್ನು ಚೆನ್ನಾಗಿ ಓಡುತ್ತಿದೆ ಅಂದೆ ನೀನು."